30×40 ಎನ್‌ಎ ಪ್ಲಾಟು, ಕಲಬುರಗಿ ರಿಂಗ್ ರೋಡಿನಾಚೆ: ಬೋರ್ಡು ಬಹಳ, ಸರಕು ಕಡಿಮೆ

ಸೇಡಂ ರಸ್ತೆ ಹಿಡಿಯಿರಿ, ಆಳಂದ ರಸ್ತೆ ಹಿಡಿಯಿರಿ, ಜೇವರ್ಗಿ ಕಡೆ ಹೊರಡಿ. ರಿಂಗ್ ರೋಡು ದಾಟಿದ್ದೇ ತಡ, ತೊಗರಿ ಹೊಲದ ನಡುವೆ ಒಂದು ಕಮಾನು, ಸುಣ್ಣ ಬಳಿದ ಕಲ್ಲುಗೂಟಗಳ ಸಾಲು, 'ಎನ್‌ಎ ಪ್ಲಾಟ್ ಸಿಗುತ್ತವೆ' ಎಂಬ ಬೋರ್ಡು. ಎನ್‌ಎ ಎಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾದ ನೆಲ. ಈ ವಿಮರ್ಶೆ ಒಂದು ಲೇಔಟಿನದ್ದಲ್ಲ, ಒಬ್ಬ ಡೆವಲಪರ್‌ನದ್ದೂ ಅಲ್ಲ. ಆ ಸರಕಿನದ್ದು: ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ, 1,200 ಚದರ ಅಡಿ ಎರೆ ಮಣ್ಣು ಮತ್ತು ಅದರ ಜೊತೆ ಬರುವ ಕಾಗದದ ಕಟ್ಟು.

ಅಂಕ ಮೊದಲೇ ಹೇಳಿಬಿಡೋಣ. ಲೇಔಟ್ ನಕ್ಷೆ ಅಂತಿಮವಾಗಿ ಒಪ್ಪಿಗೆಯಾಗಿ, ನಗರಾಭಿವೃದ್ಧಿ ಪ್ರಾಧಿಕಾರದಿಂದ ಮಾರಾಟಕ್ಕೆ ಬಿಡುಗಡೆಯಾದ, ಇ-ಖಾತಾ (ಸ್ಥಳೀಯ ಸಂಸ್ಥೆಯ ಆನ್‌ಲೈನ್ ಆಸ್ತಿ ದಾಖಲೆ) ಇರುವ ಪ್ಲಾಟಿಗೆ ಐದಕ್ಕೆ ಮೂರೂವರೆ. ಜಮೀನು ಎನ್‌ಎ ಆಗಿದೆ, ಲೇಔಟ್ 'ಪ್ರೋಸೆಸ್‌ನಲ್ಲಿದೆ' ಎನ್ನುವ ಪ್ಲಾಟಿಗೆ ಎರಡು, ಅದೂ ದರ ತಕ್ಕಷ್ಟು ಕಡಿಮೆಯಿದ್ದರೆ. ಗುಂಟೆ ಲೆಕ್ಕದಲ್ಲಿ, ನೋಟರಿ ಬಾಂಡಿನ ಮೇಲೆ ಮಾರುವ ತುಂಡಿಗೆ ಸೊನ್ನೆ. ಮೂರಕ್ಕೂ ಬೋರ್ಡು ಒಂದೇ ಥರ ಇರುವುದರಿಂದ ಈ ಸರಕಿನ ದರ ಹೇಗೆ ನಿಲ್ಲುತ್ತದೆ ಎಂಬುದನ್ನು ತಿಳಿಯದೆ ಒಳ್ಳೆಯದು ಕೆಟ್ಟದ್ದು ಬೇರ್ಪಡಿಸಲಾಗದು.

ಹೊರಗಿನವರಿಗೆ ಮೊದಲು ಹುಟ್ಟುವ ಪ್ರಶ್ನೆ ಸಹಜವಾದದ್ದೇ. ಕಲಬುರಗಿಯ ಸುತ್ತ ಗುಡ್ಡವಿಲ್ಲ, ಸಮುದ್ರವಿಲ್ಲ, ಕಾಡಿಲ್ಲ. ಕಣ್ಣು ಹಾಯುವಷ್ಟು ಬಯಲು. ಇಷ್ಟು ನೆಲ ಬಿದ್ದಿರುವಾಗ ಪ್ಲಾಟಿನ ದರ ಏರಿದರೆ ಇನ್ನಷ್ಟು ಹೊಲ ಪ್ಲಾಟಾಗಬೇಕು, ದರ ತಾನಾಗಿ ತಣ್ಣಗಾಗಬೇಕು. ಹಾಗಾಗುವುದಿಲ್ಲ. ಅರ್ಥಶಾಸ್ತ್ರದ ಪಠ್ಯ ಇದಕ್ಕೆ 'ಪೂರೈಕೆಯ ಬೆಲೆ ಸ್ಥಿತಿಸ್ಥಾಪಕತ್ವ' ಎಂಬ ಮಾರುದ್ದದ ಹೆಸರು ಕೊಟ್ಟಿದೆ. ಇಲ್ಲಿ 'ಹಿಗ್ಗು' ಎಂದರೆ ಸಾಕು. ದರ ಶೇ. 1 ಏರಿದಾಗ ಮಾರಾಟಕ್ಕೆ ಬರುವ ಸರಕು ಶೇ. ಎಷ್ಟು ಏರುತ್ತದೆ ಎಂಬುದೇ ಅದು.

ಲೆಕ್ಕ ತಿಳಿಯಲು ಮಾತ್ರ ಒಂದು ಉದಾಹರಣೆ. ಒಂದು ರಸ್ತೆಯಲ್ಲಿ ವರ್ಷಕ್ಕೆ ನೋಂದಣಿಗೆ ಯೋಗ್ಯವಾದ 200 ಪ್ಲಾಟು ಬರುತ್ತಿವೆ, ದರ ಚದರ ಅಡಿಗೆ 1,000 ರೂ. ಮರುವರ್ಷ ದರ 1,300ಕ್ಕೆ ಏರಿತು, ಅಂದರೆ ಶೇ. 30. ಪ್ಲಾಟು 212 ಆದವು, ಅಂದರೆ ಶೇ. 6. ಆರನ್ನು ಮೂವತ್ತರಿಂದ ಭಾಗಿಸಿದರೆ ಹಿಗ್ಗು 0.2. ಒಂದಕ್ಕಿಂತ ಕಡಿಮೆ ಇದ್ದರೆ ಸರಕು ಬಿಗಿ. ಬೇಡಿಕೆಯ ಒತ್ತಡ ಬಹುಪಾಲು ದರದ ಮೇಲೆಯೇ ಬೀಳುತ್ತದೆ. ಅದೇ ಏರಿಕೆ ನಿಂತು ಐದಾರು ವರ್ಷ ಕಳೆದ ಮೇಲೆ ಪ್ಲಾಟು 260 ಆದವು ಎನ್ನಿ, ಹಿಗ್ಗು 1 ಆಯಿತು. ಹಾಗಾಗಿ 'ಭೂಮಿಯ ಪೂರೈಕೆಯ ಹಿಗ್ಗು ಎಷ್ಟು' ಎಂದು ಕೇಳುವಾಗ ಎಷ್ಟು ವರ್ಷದ ಲೆಕ್ಕ ಎಂದು ಹೇಳದಿದ್ದರೆ ಪ್ರಶ್ನೆಯೇ ಅರ್ಧ.

'ಭೂಮಿ ಹೊಸದಾಗಿ ಹುಟ್ಟುವುದಿಲ್ಲ, ಅದಕ್ಕೇ ದರ ಏರುತ್ತದೆ' ಎಂಬ ದಲ್ಲಾಳಿಯ ಮಾತು ಅರ್ಧ ಸತ್ಯ. ಒಟ್ಟು ನೆಲದ ಹಿಗ್ಗು ಸೊನ್ನೆ ಎಂಬುದು ನಿಜ. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಗೇಣಿಯ ಸಿದ್ಧಾಂತ ನಿಲ್ಲಿಸಿದ್ದು ಆ ನೆಲೆಯ ಮೇಲೆಯೇ: ಧಾನ್ಯ ತುಟ್ಟಿಯಾಗುವುದು ಗೇಣಿಯಿಂದಲ್ಲ, ಧಾನ್ಯ ತುಟ್ಟಿಯಾದದ್ದರಿಂದ ಗೇಣಿ ಏರುತ್ತದೆ. ಆದರೆ ಪ್ಲಾಟು ಒಟ್ಟು ನೆಲವಲ್ಲ, ನೆಲದ ಒಂದು ಬಳಕೆ. ಒಂದು ಬಳಕೆಯ ನೆಲ ಇನ್ನೊಂದರಿಂದ ಕಿತ್ತು ಬರುತ್ತದೆ, ಆದ್ದರಿಂದ ಆ ಬಳಕೆಯ ಹಿಗ್ಗು ಸೊನ್ನೆಯಾಗಿರಬೇಕಾಗಿಲ್ಲ. ಒಂದು ಲಕ್ಷ ಎಕರೆ ತೊಗರಿ ಭೂಮಿಯಲ್ಲಿ ಶೇ. 1 ಮಾತ್ರ ಕೈಬಿಟ್ಟಿತು ಎಂದುಕೊಳ್ಳಿ. ತೊಗರಿಗೆ ಅದು ಗೊತ್ತೂ ಆಗದು. ಊರಿಗೆ ಮಾತ್ರ 1,000 ಎಕರೆ, ಎಕರೆಗೆ 20ರಂತೆ 20,000 ಪ್ಲಾಟು. 2011ರ ಜನಗಣತಿಯಲ್ಲಿ ಐದು ಲಕ್ಷ ದಾಟಿದ್ದ ಊರಿಗೆ ಇದು ಸಣ್ಣ ಸಂಖ್ಯೆಯಲ್ಲ. ಲೆಕ್ಕದ ಮೇಲೆ ಕಲಬುರಗಿಯ ಹಿಗ್ಗು ದೊಡ್ಡದಾಗಿರಬೇಕು.

ಅಮೆರಿಕದ ಮಹಾನಗರಗಳಿಗೆ ಇಂಥ ಲೆಕ್ಕವನ್ನು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಸೈಜ್ 2010ರಲ್ಲಿ ಪ್ರಕಟಿಸಿದರು. ಅಲ್ಲಿ ವಸತಿ ಪೂರೈಕೆಯ ಹಿಗ್ಗು ಸಮುದ್ರ, ಜೌಗು ಸುತ್ತುವರಿದ ಮಯಾಮಿಗೆ 0.6, ಬಯಲಿನ ವಿಚಿಟಾಗೆ 5ಕ್ಕೂ ಮೇಲೆ. ನೆಲದ ಆಕಾರದಲ್ಲಿ ಕಲಬುರಗಿ ವಿಚಿಟಾದ ಜಾತಿ. ನಡವಳಿಕೆ ನೋಡಿದರೆ ಮಯಾಮಿಯ ಕಡೆ ವಾಲುತ್ತದೆ. ನಡುವೆ ಸಮುದ್ರವಿಲ್ಲ, ಇರುವುದು ಕಾಗದ. ಅದು ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದೇ ಈ ಸರಕಿನ ನಿಜವಾದ ಗುಣಪರೀಕ್ಷೆ.

ಮೊದಲ ಗಂಟು ರೈತನ ಮನೆಯಲ್ಲೇ. ಊರಂಚಿನ ಎಕರೆಗೆ ಒಂದು ಕೋಟಿ ಕೇಳುತ್ತಾರೆ ಎನ್ನಿ. ಅದೇ ಎಕರೆ ಮಳೆ ನೆಚ್ಚಿ 4 ಕ್ವಿಂಟಲ್ ತೊಗರಿ ಕೊಟ್ಟರೆ, 2025-26ರ ಬೆಂಬಲ ಬೆಲೆ 8,000 ರೂ.ನಂತೆ 32,000 ರೂ. ಬಂತು, ಬೀಜ ಗೊಬ್ಬರ ಕೂಲಿ ಕಳೆಯುವ ಮೊದಲು. ಕೋಟಿ ರೂಪಾಯಿಯನ್ನು ಶೇ. 7ಕ್ಕೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 7 ಲಕ್ಷ. ಆದರೂ ಮಾರುವುದಿಲ್ಲ, ಯಾಕೆಂದರೆ ದರ ವರ್ಷಕ್ಕೆ ಶೇ. 10 ಏರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದ್ದರೆ ಸುಮ್ಮನೆ ಕೂತಿದ್ದಕ್ಕೇ 10 ಲಕ್ಷ. ಕೂತಿರಲು ಖರ್ಚೂ ಇಲ್ಲ: ಕಂದಾಯ ಹೆಸರಿಗಷ್ಟೇ, ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹೋಗುತ್ತದೆ. ಹೀಗಾಗಿ ದರ ಜೋರಾಗಿ ಏರುವ ವರ್ಷ ಮಾರುವವರು ಹೆಚ್ಚುವ ಬದಲು ಹಿಂದೆ ಸರಿಯುತ್ತಾರೆ. ಆ ವರ್ಷದ ಮಟ್ಟಿಗೆ ಹಿಗ್ಗು ಸೊನ್ನೆಗಿಂತಲೂ ಕೆಳಗೆ. ಮೂರ್ಖತನವಲ್ಲ ಅದು, ಅವರ ಲೆಕ್ಕ ಸರಿಯಾಗಿಯೇ ಇದೆ.

ತೆರಿಗೆಯೂ ಒಂದು ಗೆರೆ ಎಳೆದಿದೆ. ಜನಸಂಖ್ಯೆ ಒಂದು ಲಕ್ಷದಿಂದ ಹತ್ತು ಲಕ್ಷದವರೆಗಿನ ಊರಿನ ಮಿತಿಯಿಂದ ನೇರ ಅಳತೆಯಲ್ಲಿ 6 ಕಿ.ಮೀ. ಒಳಗಿನ ಕೃಷಿ ಭೂಮಿ ಮಾರಿದರೆ ಬಂಡವಾಳ ಲಾಭದ ತೆರಿಗೆ ಇದೆ, ಅದರಾಚೆ ಇಲ್ಲ. ಕಲಬುರಗಿ, ಬೀದರ್ ಎರಡೂ ಈ 6 ಕಿ.ಮೀ. ಸಾಲಿನವು, ಒಂದು ಲಕ್ಷದೊಳಗಿನ ಯಾದಗಿರಿಗೆ 2 ಕಿ.ಮೀ. ಪಟ್ಟಿಯೊಳಗಿನವನು ಎರಡು ವರ್ಷದಲ್ಲಿ ಬೇರೆ ಹೊಲ ಕೊಂಡರೆ ವಿನಾಯಿತಿ ಸಿಗುವುದುಂಟು. ಊರಿಗೆ ಹತ್ತಿರದ ಹೊಲ ಹಾಗೇ ಉಳಿದು, ಅದನ್ನು ಹಾರಿ ದೂರದಲ್ಲಿ ಲೇಔಟ್ ಏಳುವುದಕ್ಕೆ ಇದೂ ಒಂದು ಕಾರಣ. ಕೊಳ್ಳುವವರಿಗೆ ಅದರ ಫಲ ಎಂದರೆ ನೀರಿನ ಕೊಳವೆ, ನಗರ ಸಾರಿಗೆ ಬಸ್ಸು ಎರಡೂ ತಡ.

ಎರಡನೇ ಗಂಟು ಹಕ್ಕಿನದು, ಮತ್ತು ಇದು ನಮ್ಮ ಭಾಗದ ಖಾಸಾ ಗಂಟು. ಮೈಸೂರು ಕಡೆಯ ವಕೀಲರಿಗೆ ಇದು ಬೇಗ ಹೊಳೆಯದು. ನಿಜಾಮನ ಕಾಲದ ಜಾಗೀರುಗಳು 1949ರಲ್ಲಿ ರದ್ದಾದವು, ಹೈದರಾಬಾದ್ ಗೇಣಿ ಕಾಯ್ದೆ 1950ರಲ್ಲಿ ಬಂತು, ಇನಾಮು ರದ್ದತಿ ಕಾಯ್ದೆ 1955ರದ್ದು. ಇವುಗಳ ನಡುವೆ ಬರೆದ 1954-55ರ ಖಾಸ್ರಾ ಪಹಣಿಯೇ (ಹೊಲವಾರು ಹಕ್ಕು, ಸಾಗುವಳಿಯ ದಾಖಲೆ) ಇಂದಿಗೂ ಇಲ್ಲಿನ ಹಕ್ಕಿನ ಬೇರು. ಅದರಲ್ಲಿ ಪಟ್ಟೇದಾರನ (ದಾಖಲೆಯ ಮಾಲೀಕನ) ಹೆಸರು ಒಂದು, ಸಾಗುವಳಿದಾರನದು ಇನ್ನೊಂದು ಇದ್ದರೆ, ರಕ್ಷಿತ ಗೇಣಿದಾರನ ಹೆಸರಿದ್ದರೆ, ಇನಾಮು, ಮಸೀದಿ, ಮಠ, ದೇವಸ್ಥಾನದ ಉಲ್ಲೇಖವಿದ್ದರೆ, ನಂತರದ ಎಪ್ಪತ್ತು ವರ್ಷದ ಕಾಗದ ಎಷ್ಟೇ ಸ್ವಚ್ಛವಿರಲಿ, ಅಲ್ಲೇ ನಿಲ್ಲಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ (ಪರಿಶಿಷ್ಟರ ಭೂಮಿ ಪರಭಾರೆ ನಿಷೇಧ) ಕಾಯ್ದೆ ಅನ್ವಯಿಸುತ್ತದೆ: ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದು ಊರ್ಜಿತವಲ್ಲ, ಮತ್ತು 2023ರ ತಿದ್ದುಪಡಿಯ ನಂತರ ಮರಳಿ ಪಡೆಯಲು ಅರ್ಜಿ ಹಾಕುವುದಕ್ಕೆ ಕಾಲಮಿತಿಯೂ ಇಲ್ಲ. ಮನೆಯ ಹೆಣ್ಣುಮಕ್ಕಳ ಸಹಿ ಬಿಟ್ಟುಹೋಗುವುದು ಇನ್ನೊಂದು ನಿತ್ಯದ ತಪ್ಪು. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಅವರಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿದೆ. 'ಅಕ್ಕಂದಿರು ಏನೂ ಅನ್ನೋದಿಲ್ರಿ' ಎಂಬುದು ಕಾಗದವಲ್ಲ.

ಪೋಡಿ, ಅಂದರೆ ಸರ್ವೆ ನಂಬರನ್ನು ಅಳೆದು ಪಾಲು ಬೇರ್ಪಡಿಸುವುದು, ಮೂರನೆಯ ಗಂಟು. ಒಂದೇ ಸರ್ವೆ ನಂಬರಿನಲ್ಲಿ ಐದಾರು ಜನರ ಹೆಸರಿದ್ದು ಯಾರದು ಎಲ್ಲಿ ಎಂದು ನಕ್ಷೆಯಲ್ಲಿ ತುಂಡಾಗಿರದಿದ್ದರೆ, ಭಾಗ ಮಾರಲು ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಅದಕ್ಕೆ ಭೂಮಾಪಕರ ಸರದಿ ಕಾಯಬೇಕು. ಸಾಗುವಳಿಗೆ ಬಾರದ ನೆಲ ಖರಾಬು; ಅದರಲ್ಲಿ ಹಳ್ಳ, ದಾರಿ ಇರುವ 'ಬಿ' ಖರಾಬು ಸಾರ್ವಜನಿಕರದು, ಮಾರಾಟಕ್ಕಿಲ್ಲ. ಲೇಔಟ್ ನಕ್ಷೆಯಲ್ಲಿ ಸೊಗಸಾದ ಮೂಲೆ ಪ್ಲಾಟು ಎಂದು ತೋರಿಸಿದ್ದು ಕೆಲವೊಮ್ಮೆ ಇದೇ ಖರಾಬು.

ನಾಲ್ಕನೆಯದು ಎನ್‌ಎ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿಯಿಂದ ಕೃಷಿಯೇತರಕ್ಕೆ ಪರಿವರ್ತನೆ. ನಗರದ ಮಹಾಯೋಜನೆಯಲ್ಲಿ ಆ ಸರ್ವೆ ನಂಬರು ವಸತಿ ವಲಯದಲ್ಲಿದ್ದರೆ ಆನ್‌ಲೈನ್ ಪ್ರಮಾಣಪತ್ರದ ದಾರಿ ಈಗ ಮೊದಲಿಗಿಂತ ಸಲೀಸು. ಹಸಿರು ಅಥವಾ ಕೃಷಿ ವಲಯದಲ್ಲಿದ್ದರೆ ಮೊದಲು ಭೂ ಉಪಯೋಗ ಬದಲಾವಣೆ ಆಗಬೇಕು. ಅದು ಬೇರೆಯೇ ಕಡತ, ಬೇರೆಯೇ ಕಾಲ. 2020ರ ಭೂ ಸುಧಾರಣಾ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ ಕೃಷಿಕರಲ್ಲದವರೂ ಹೊಲ ಕೊಳ್ಳಲು ಬಿಟ್ಟಿತು. ಅದರಿಂದ ಪ್ಲಾಟು ಹೆಚ್ಚುತ್ತದೆ ಎಂದು ಹಲವರು ಎಣಿಸಿದರು. ಆ ತಿದ್ದುಪಡಿ ಹಿಗ್ಗಿಸಿದ್ದು ಹೊಲ ಕೊಳ್ಳುವವರ ಸಂಖ್ಯೆಯನ್ನು, ಅಂದರೆ ಬೇಡಿಕೆಯನ್ನು. ಪ್ಲಾಟಿನ ದಾರಿಯ ಗಂಟುಗಳು ಇದ್ದಲ್ಲೇ ಇವೆ.

ಇನ್ನು ಕಲಬುರಗಿಯ ಮಾರುಕಟ್ಟೆಯ ದೊಡ್ಡ ಗೊಂದಲ. ಎನ್‌ಎ ಆಯಿತು ಎಂದರೆ ಲೇಔಟ್ ಆಯಿತು ಎಂದಲ್ಲ. ಎನ್‌ಎ ಆದೇಶ ಇಡೀ ಜಮೀನಿಗೆ. ಅದನ್ನು ಪ್ಲಾಟುಗಳಾಗಿ ಕತ್ತರಿಸಲು ನಗರಾಭಿವೃದ್ಧಿ ಪ್ರಾಧಿಕಾರದ ಅಥವಾ ಆ ಪ್ರದೇಶದ ಯೋಜನಾ ಪ್ರಾಧಿಕಾರದ ನಕ್ಷೆ ಮಂಜೂರಾತಿ ಬೇರೆ ಬೇಕು. ಎಕರೆಗೆ 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಕಳೆದು ವಸತಿಗೆ ಶೇ. 55 ಉಳಿಯಿತು ಎಂದು ಹಿಡಿದರೆ 23,958 ಚದರ ಅಡಿ, ಅಂದರೆ 30×40ರ ಇಪ್ಪತ್ತು ಪ್ಲಾಟು ತುಸು ಕಮ್ಮಿ. ಯಾರಾದರೂ ಎಕರೆಗೆ 28 ಪ್ಲಾಟು ತೋರಿಸುತ್ತಿದ್ದರೆ ಉದ್ಯಾನವನ್ನೋ ರಸ್ತೆಯನ್ನೋ ಮಾರುತ್ತಿದ್ದಾರೆ. ನಕ್ಷೆ ಸಿಕ್ಕ ಮೇಲೂ ಎಲ್ಲ ಪ್ಲಾಟು ಒಟ್ಟಿಗೆ ಬರುವುದಿಲ್ಲ. ಸಾಮಾನ್ಯ ರೂಢಿ 40:30:30: ಮೊದಲು ಶೇ. 40 ಬಿಡುಗಡೆ, ಚರಂಡಿ, ರಸ್ತೆ, ವಿದ್ಯುತ್ ಕಂಬ, ನೀರಿನ ಕೆಲಸ ಮುಂದುವರಿದಂತೆ ಉಳಿದ ಎರಡು ಕಂತು. ಕೊಳ್ಳುವವರಿಗೆ ಇದು ರಕ್ಷಣೆ, ಬಹಳ ಒಳ್ಳೆಯ ರಕ್ಷಣೆ. ಆದರೆ ಪೂರೈಕೆಯ ಕಡೆಯಿಂದ ನೋಡಿದರೆ ಇಂದು ಏರಿದ ದರಕ್ಕೆ ಇಂದು ಬರುವ ಉತ್ತರ ನೂರಕ್ಕೆ ನಲವತ್ತೇ.

ವಿಳಂಬಕ್ಕೆ ಬೆಲೆ ಎಷ್ಟು? ಎಕರೆಗೆ ಒಂದು ಕೋಟಿ ಎಂದರೆ ಕಚ್ಚಾ ನೆಲ ಚದರ ಅಡಿಗೆ 230 ರೂ. ಶೇ. 55 ಮಾತ್ರ ಮಾರಬಹುದಾದ್ದರಿಂದ ಅದೇ 417 ಆಗುತ್ತದೆ. ಹಣ ಶೇ. 15ರ ಬಡ್ಡಿಯದು, ಕಡತ ಮೂರು ವರ್ಷ ಓಡಾಡಿತು ಎನ್ನಿ. ಚಕ್ರಬಡ್ಡಿ ಸೇರಿ 635. ಮಣ್ಣು ಅಗೆಯುವ ಮೊದಲೇ ಒಂದು 30×40 ಪ್ಲಾಟಿನ ಮೇಲೆ 2.6 ಲಕ್ಷ ರೂ. ಬರೀ ಕಾದದ್ದಕ್ಕೆ. ಡಾಂಬರು, ಚರಂಡಿ, ಟ್ರಾನ್ಸ್‌ಫಾರ್ಮರ್, ಓವರ್‌ಹೆಡ್ ಟ್ಯಾಂಕ್, ಶುಲ್ಕ ಎಲ್ಲ ಇದರ ಮೇಲೆ. ಸರಿಯಾದ ಪ್ಲಾಟು ಯಾಕಿಷ್ಟು ತುಟ್ಟಿ ಎಂದು ಕೇಳುವವರು ಈ 2.6 ಲಕ್ಷವನ್ನು ಮರೆಯುತ್ತಾರೆ.

ಈಗ ಸೊನ್ನೆ ಅಂಕದ ಸರಕಿಗೆ ಬರೋಣ. ಅದಕ್ಕೆ ಈ ಗಂಟು ಯಾವುದೂ ಇಲ್ಲ. ಒಂದು ಟ್ರ್ಯಾಕ್ಟರ್, ನೂರು ಕಲ್ಲುಗೂಟ, ಒಂದು ಡಬ್ಬಿ ಸುಣ್ಣ. ವಾರದಲ್ಲಿ ಎರಡು ಎಕರೆ 'ಲೇಔಟ್'. ದರ ಏರಿದಷ್ಟೂ ಇದು ಉಬ್ಬುತ್ತದೆ. ಅಂದರೆ ಕಲಬುರಗಿಯಲ್ಲಿ ಎರಡು ಪೂರೈಕೆ ಇದೆ: ಮನೆ ಕಟ್ಟಬಹುದಾದ ನೆಲದ್ದು ಬಿಗಿ, ಗೂಟ ನೆಟ್ಟ ನೆಲದ್ದು ರಬ್ಬರು. ಬೋರ್ಡು ನೋಡಿ 'ಪ್ಲಾಟು ಬೇಕಾದಷ್ಟಿವೆ, ದರ ಇಳಿಯುತ್ತದೆ' ಎಂದು ಕಾಯುವವರು ಎಣಿಸುತ್ತಿರುವುದು ಎರಡನೆಯದನ್ನು. ದರ ನಿಲ್ಲುವುದು ಮೊದಲನೆಯದರ ಮೇಲೆ. ಇ-ಖಾತಾ ಕಡ್ಡಾಯವಾದ ಮೇಲೆ ಈ ರಬ್ಬರು ಸರಕು ಸಬ್‌ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲೇ ನಿಲ್ಲುತ್ತದೆ, ಆದ್ದರಿಂದ ನೋಟರಿ ಕರಾರು, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಎಂದು ಸುತ್ತುತ್ತಾರೆ. ಜಿಪಿಎ ಮೇಲಿನ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಪರೀಕ್ಷೆಯ ಕ್ರಮ ಹೀಗಿರಲಿ. ಮೊದಲು ಪ್ಲಾಟಿನ ಮೇಲೆ ನಿಂತು ದಿಶಾಂಕ್ ಆ್ಯಪ್ ತೆರೆಯಿರಿ. ನೀವು ನಿಂತ ಸರ್ವೆ ನಂಬರು ತೋರಿಸುತ್ತದೆ. ಉಚಿತ, ಹಳ್ಳಿ ನಕ್ಷೆ ಸಮೇತ, ಖರಾಬಿನ ಸುಳಿವೂ ಸಿಗುತ್ತದೆ: ಸರ್ಕಾರಿ ಸೇವೆಗಳಲ್ಲಿ ನಾಲ್ಕೂವರೆ ಅಂಕಕ್ಕೆ ಲಾಯಕ್ಕು. ದೋಷ ಒಂದೇ. ನಕ್ಷೆಯ ಗೆರೆ ನೆಲದ ಗೆರೆಗಿಂತ ಕೆಲವು ಮೀಟರ್ ಸರಿದಿರಬಹುದು, ಆದ್ದರಿಂದ ಬದುವಿನಂಚಿನ ಪ್ಲಾಟಿಗೆ ಅದನ್ನೇ ಸಾಕ್ಷಿ ಮಾಡಬೇಡಿ. ನಾಲ್ಕು ಮೂಲೆಗೂ ನಡೆದು ನೋಡಿ, ನಂಬರು ಬದಲಾದರೆ ಅಳತೆ ಮಾಡಿಸಿ. ನಂತರ ಭೂಮಿ ತಂತ್ರಾಂಶದಲ್ಲಿ ಪಹಣಿ, ನಮ್ಮ ಕಡೆ ಹೇಳುವ ಉತಾರಿ. ಎನ್‌ಎ ಆದ ಜಮೀನಿನಲ್ಲಿ ಆ ಉಲ್ಲೇಖ ಬಂದಿದೆಯೇ, 11ನೇ ಕಾಲಮ್ಮಿನಲ್ಲಿ ಸಹಕಾರಿ ಸಂಘದ ಅಥವಾ ಬ್ಯಾಂಕಿನ ಸಾಲ ಉಳಿದಿದೆಯೇ ನೋಡಿ. ತೀರಿಸಿದ ಸಾಲವೂ ಕಾಲಮ್ಮಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ; ಮಾರುವವರೇ ತೆಗೆಸಿಕೊಡಲಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಋಣಭಾರ ಪ್ರಮಾಣಪತ್ರ 2004ರಿಂದ ಈಚಿನದ್ದಕ್ಕೆ ಸಾಕು, ಅದರ ಹಿಂದಿನದ್ದಕ್ಕೆ ಕಚೇರಿಯಲ್ಲಿ ಕೈಯಿಂದ ಹುಡುಕಿಸಬೇಕು. ನಮೂನೆ 15 ಬಂದರೆ ವ್ಯವಹಾರ ಇದೆ ಎಂದರ್ಥ, 16 ಎಂದರೆ ಇಲ್ಲ.

ಲೇಔಟ್ ಪಂಚಾಯತಿ ಮಿತಿಯಲ್ಲಿದ್ದರೆ ಪಂಚಾಯತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿ 'ಎರಡೂ ಒಂದೇ' ಎಂದರೆ ಅದು ಒಂದಲ್ಲ. ಪಾಲಿಕೆ ಮಿತಿಯಲ್ಲಿ ಅದೇ ಮಾತು ಎ ಖಾತಾ, ಬಿ ಖಾತಾಗೆ. ಬಿ ಖಾತಾ ತೆರಿಗೆ ಕಟ್ಟಲು ದಾರಿ, ಲೇಔಟಿಗೆ ಮಂಜೂರಾತಿಯಲ್ಲ. ಇನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ: 500 ಚದರ ಮೀಟರ್ ಮೀರಿದ ಯೋಜನೆಗೆ ನೋಂದಣಿ ಕಡ್ಡಾಯ, ಅಂದರೆ ಐದು ಗುಂಟೆ ಕೂಡ ಮಿತಿ ದಾಟುತ್ತದೆ. ಐದೆಕರೆ ಲೇಔಟಿಗೆ 'ನಮಗೆ ರೇರಾ ಬರೋದಿಲ್ಲ' ಎನ್ನುವ ಉತ್ತರ ಬಂದರೆ ಚಹಾ ಕುಡಿದು ಎದ್ದು ಬನ್ನಿ. ಆ ಕಾಯ್ದೆಯಲ್ಲೇ ಇನ್ನೊಂದು ಉಪಕಾರಿ ನಿಯಮವಿದೆ: ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಬಯಾನಾ ಎಂದು ಅರ್ಧ ಹಣ ಕೇಳುವವರಿಗೆ ಇದನ್ನು ನೆನಪಿಸಿದರೆ ಸಾಕು.

ಕೋಟೆ, ಹಫ್ತ್ ಗುಂಬಜ್ ಸುತ್ತಮುತ್ತ ಹಳೆಯ ಖಾಲಿ ಜಾಗ ಅಗ್ಗಕ್ಕೆ ಸಿಕ್ಕರೆ ಹಿಗ್ಗಬೇಡಿ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಮುಂದಿನ 200 ಮೀಟರ್‌ಗೆ ಅನುಮತಿ ಬೇಕು. ಅಲ್ಲಿ ಪೂರೈಕೆಯ ಹಿಗ್ಗು ನಿಜಕ್ಕೂ ಸೊನ್ನೆ.

ಸರಕಿನ ದೈಹಿಕ ಗುಣದ ಬಗ್ಗೆ ಬೋರ್ಡು ಏನೂ ಹೇಳುವುದಿಲ್ಲ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲ್ಮೈಯಲ್ಲಿ ಕೂತ ಅಡಿಪಾಯ ಅದರ ಜೊತೆ ಏರಿಳಿದು ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಎರೆ ಎಷ್ಟು ಆಳ ಎಂಬುದು ಪಕ್ಕದ ಪ್ಲಾಟಿಗೂ ಬದಲಾಗುತ್ತದೆ. ಕೊಳ್ಳುವ ಮೊದಲು ಎದುರುಬದುರು ಎರಡು ಮೂಲೆಯಲ್ಲಿ ಜೆಸಿಬಿಯಿಂದ ಗುಂಡಿ ತೋಡಿಸಿ. ಮೂರ್ನಾಲ್ಕು ಅಡಿಗೇ ಗಟ್ಟಿ ಗರಸು (ಮೊರಂ) ಸಿಕ್ಕರೆ ಅದೃಷ್ಟ. ಎರೆ ತೆಗೆದು ಗರಸಿನ ಮೇಲೆ ಪಾಯ ನಿಲ್ಲಿಸಬಹುದು. ಹತ್ತು ಅಡಿಗೂ ಎರೆಯೇ ಇದ್ದರೆ ಕೆಳಗೆ ಬುಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಬೇಕು: ಸಾಮಾನ್ಯವಾಗಿ ಕನಿಷ್ಠ 3.5 ಮೀಟರ್ ಆಳ, ಬುಡ್ಡೆಯ ವ್ಯಾಸ ಕಾಂಡದ ಎರಡೂವರೆ ಪಟ್ಟು, ಮೇಲೆ ಕಾಂಕ್ರೀಟ್ ಪ್ಲಿಂತ್ ಬೀಮ್, ಬೀಮಿನ ಕೆಳಗೆ ಮಣ್ಣು ಉಬ್ಬಲು ಖಾಲಿ ಸಂದು. ಆ ಸಂದು ಬಿಡದೆ ಮಣ್ಣು ತುಂಬುವುದೇ ಮೇಸ್ತ್ರಿಗಳ ಸಾಮಾನ್ಯ ತಪ್ಪು. ಈ ಖರ್ಚನ್ನು ಚದರ ಅಡಿ ದರಕ್ಕೆ ಸೇರಿಸಿ ಎರಡು ಲೇಔಟ್ ಹೋಲಿಸಿದರೆ ಅಗ್ಗದ್ದು ಎಂದುಕೊಂಡದ್ದು ತುಟ್ಟಿಯಾಗುವುದುಂಟು. ಶಹಾಬಾದ್ ಕಡೆ ಸುಣ್ಣಗಲ್ಲು ಮೇಲೇ ಇರುವಲ್ಲಿ ಕಥೆ ಉಲ್ಟಾ: ಪಾಯ ಸಲೀಸು, ಚರಂಡಿ ಗುಂಡಿ ತೋಡುವುದು ಕಷ್ಟ.

ನೋಂದಣಿ ಖರ್ಚು: ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 5.6, ಗ್ರಾಮೀಣದಲ್ಲಿ 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. 12 ಲಕ್ಷದ ನಗರ ಪ್ಲಾಟಿಗೆ 67,200 ಮತ್ತು 24,000, ಒಟ್ಟು 91,200 ರೂ. ಸರ್ಕಾರದ ಮಾರ್ಗಸೂಚಿ ದರ ಇದಕ್ಕಿಂತ ಮೇಲಿದ್ದರೆ ಅದರ ಮೇಲೆ ಲೆಕ್ಕ.

ಹಿಗ್ಗಿನ ಲೆಕ್ಕ ಚೌಕಾಶಿಗೆ ಬರುವುದು ಇಲ್ಲೇ. ಕಾಗದದ ಮೇಲೆ ಶುಲ್ಕ ಕಟ್ಟುವವರು ಕೊಳ್ಳುವವರು. ನಿಜವಾಗಿ ಭಾರ ಹೊರುವವರು ಯಾರು ಎಂಬುದು ಯಾರ ಕೈ ಬಿಗಿ ಎಂಬುದರ ಮೇಲಿದೆ. ಬಿಡುಗಡೆಯಾಗಿ ಮಾರಾಟವಾಗದೆ ಉಳಿದ ಪ್ಲಾಟುಗಳು ಡೆವಲಪರ್ ಕೈಯಲ್ಲಿದ್ದರೆ ಆ ಪೂರೈಕೆ ಅಲುಗಾಡದು. ಅವನಿಗೆ ಬಡ್ಡಿ ಓಡುತ್ತಿದೆ, ಆ ನೆಲ ಮತ್ತೆ ತೊಗರಿ ಹೊಲವಾಗುವುದಿಲ್ಲ. ಅಂಥಲ್ಲಿ ಶುಲ್ಕ ಏರಿದ ಶೇ. 1ನ್ನು ದರದಲ್ಲಿ ಇಳಿಸಿ ಎಂದು ಧೈರ್ಯವಾಗಿ ಕೇಳಬಹುದು. ಹಾಗೆಯೇ 'ವಿಮಾನ ನಿಲ್ದಾಣದಿಂದ ಹತ್ತು ನಿಮಿಷ' ಎಂಬ ಜಾಹೀರಾತು. ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ಬಿಗಿ ಪೂರೈಕೆಯ ಊರಲ್ಲಿ ಅಂಥ ಲಾಭ ಬಂದ ಕೂಡಲೇ ನೆಲದ ದರದೊಳಗೆ ಹೊಕ್ಕುಬಿಡುತ್ತದೆ. ಇಷ್ಟು ವರ್ಷದ ಮೇಲೆ ಅದಕ್ಕೆ ಇನ್ನೊಮ್ಮೆ ದುಡ್ಡು ಕೊಡಬೇಕಿಲ್ಲ. 2023ರಲ್ಲಿ ಘೋಷಣೆಯಾದ 1,000 ಎಕರೆಯ ಜವಳಿ ಪಾರ್ಕಿನ ಹೆಸರಲ್ಲಿ ಮಾರುವವರಿಗೂ ಇದೇ ಉತ್ತರ.

ಬೀದರ್, ಯಾದಗಿರಿ ಬಗ್ಗೆ ಚುಟುಕಾಗಿ. ಬೀದರ್ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ. ಅಂಥ ನೆಲದಲ್ಲಿ ಪಾಯ ಕಲಬುರಗಿಗಿಂತ ಸುಲಭ. ಆದರೆ ಊರಿನ ಒಂದು ಕಡೆ ವಾಯುಪಡೆ ನೆಲೆ, ಇನ್ನೊಂದು ಕಡೆ ಕೋಟೆ: ಎತ್ತರಕ್ಕೂ ಹತ್ತಿರಕ್ಕೂ ನಿರಾಕ್ಷೇಪಣಾ ಪತ್ರದ ಪ್ರಶ್ನೆ ಬರುತ್ತದೆ. ಯಾದಗಿರಿಯಲ್ಲಿ ನೋಡಬೇಕಾದದ್ದು ಕಡೇಚೂರು–ಬಾಡಿಯಾಳ ಕಡೆ. ಮೂರು ಸಾವಿರ ಎಕರೆಗೂ ಮಿಗಿಲು ಕೈಗಾರಿಕೆಗೆ ಹೋದ ಆ ಪ್ರದೇಶದ ಸುತ್ತ ಪ್ಲಾಟು ಕೊಳ್ಳುವ ಮೊದಲು ಸರ್ವೆ ನಂಬರು ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28ನೇ ಕಲಮಿನ ಅಧಿಸೂಚನೆಯಲ್ಲಿ ಇದೆಯೇ ನೋಡಿ. ಪ್ರಾಥಮಿಕ ಅಧಿಸೂಚನೆ ಬಿದ್ದರೂ ಸಾಕು, ಆ ನೆಲ ಎತ್ತಲೂ ಅಲುಗಾಡದೆ ವರ್ಷಗಟ್ಟಲೆ ಕೂರುತ್ತದೆ.

ಇಸಾರ ಪತ್ರ (ಮುಂಗಡದ ಕರಾರು) ಬರೆಯುವಾಗ ದರಕ್ಕಿಂತ ಮೊದಲು ಒಂದು ಸಾಲು ಹಾಕಿಸಿ: ಈ ಪ್ಲಾಟು ಬಿಡುಗಡೆಯ ಎಷ್ಟನೇ ಕಂತಿನದು, ಬಿಡುಗಡೆ ಆದೇಶದ ಸಂಖ್ಯೆ ಮತ್ತು ದಿನಾಂಕ ಏನು. ಆದೇಶ ಇನ್ನೂ ಬಂದಿರದಿದ್ದರೆ ಬಾಕಿ ಹಣ ಬಿಡುಗಡೆಯ ನಂತರವೇ ಎಂದು, ಇಂತಿಷ್ಟು ತಿಂಗಳಲ್ಲಿ ಆಗದಿದ್ದರೆ ಮುಂಗಡ ಬಡ್ಡಿ ಸಮೇತ ವಾಪಸ್ಸು ಎಂದು ಬರೆಸಿ. ಇದಕ್ಕೆ ಒಪ್ಪದವರ ಬಳಿ ಇರುವುದು ಗೂಟದ ಸರಕು.